ಒಂದೇ ಕ್ರಿಯಾಟಿನಿನ್, ಬೇರೆ ಬೇರೆ ಉತ್ತರ: ದೊಡ್ಡವರ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಲೆಕ್ಕ ಹಾಕೋ ವಿಧಾನಗಳನ್ನ ಹೋಲಿಸಿ ನೋಡೋದು ಹೇಗೆ

ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಗೆ ಹಾಕೋ ಕಸ) 1.2 ಅಂತ ರಿಪೋರ್ಟ್ ಬಂದಿದೆ, ಪಕ್ಕದಲ್ಲಿ ನಾರ್ಮಲ್ ರೇಂಜ್ 0.6ರಿಂದ 1.2 ಅಂತ ಪ್ರಿಂಟ್ ಆಗಿದೆ, ದಪ್ಪಕ್ಷರದಲ್ಲಿ ಏನೂ ಇಲ್ಲ, ಹಂಗಾಗಿ ಮನೇಲಿ ಎಲ್ಲರೂ "ಕಿಡ್ನಿ ನಾರ್ಮಲ್ಲಂತೆ" ಅಂದ್ಕೊಂಡು ಫೈಲ್ ಮುಚ್ಚಿಡ್ತಾರೆ. ಅದೇ 1.2 ಅನ್ನೋದು 30 ವರ್ಷದ, ಜಿಮ್‌ಗೆ ಹೋಗೋ ಹುಡುಗನಿಗೆ ಏನೂ ತೊಂದರೆ ಇಲ್ಲದ ನಂಬರ್, ಆದ್ರೆ 72 ವರ್ಷದ, 44 ಕೆಜಿ ತೂಕದ ಅಜ್ಜಿಗೆ ಕಿಡ್ನಿಯ ಕೆಲಸ ಅರ್ಧಕ್ಕಿಂತ ಕಮ್ಮಿಯಾಗಿದೆ ಅನ್ನೋದರ ಗುರುತು. ಈ ವ್ಯತ್ಯಾಸ ಹೊರಗೆ ತರೋಕೆ ಅಂತಾನೇ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋದರ ಅಂದಾಜು) ಫಾರ್ಮುಲಾಗಳು ಇರೋದು, ಆದ್ರೆ ಅವೂ ಒಂದಲ್ಲ ನಾಲ್ಕೈದು ಇವೆ, ಒಂದೊಂದು ಒಂದೊಂದು ಉತ್ತರ ಕೊಡತ್ತೆ. ಯಾವುದನ್ನ ಯಾವಾಗ ನಂಬಬೇಕು ಅನ್ನೋದನ್ನ ಇಲ್ಲಿ ಈ ಇಬ್ಬರನ್ನೇ ಇಟ್ಕೊಂಡು ಲೆಕ್ಕ ಸಮೇತ ಹೇಳ್ತೀನಿ. ಮನೆಯವರ ರಿಪೋರ್ಟ್ ನೋಡ್ಕೊಳೋರಿಗೆ, ನರ್ಸಿಂಗ್ ಫಾರ್ಮಸಿ ಓದ್ತಿರೋರಿಗೆ, ಕ್ಲಿನಿಕ್‌ನಲ್ಲಿ ಕೆಲಸ ಮಾಡೋರಿಗೆ ಉಪಯೋಗ ಆಗತ್ತೆ ಅಂದ್ಕೊಂಡಿದೀನಿ. ಔಷಧಿ ನಿಲ್ಲಿಸೋದು, ಡೋಸ್ ಬದಲಾಯಿಸೋದು ಮಾತ್ರ ಡಾಕ್ಟರ್ ಹತ್ರ ಮಾತಾಡಿಯೇ ಮಾಡಿ.

ಬೇಕಾಗಿರೋದು ಇಷ್ಟೇ: ಇತ್ತೀಚಿನ ರಿಪೋರ್ಟ್, ಸಿಕ್ಕಿದ್ರೆ ಹಳೇ ರಿಪೋರ್ಟ್‌ಗಳು, ವಯಸ್ಸು, ಸರಿಯಾದ ತೂಕ, ಎತ್ತರ, ಮತ್ತೆ ಮೊಬೈಲಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್.

ಮೊದಲು, ಏನನ್ನ ಅಳೀತಿದೀವಿ ಅಂತ

ಪ್ರತಿ ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಫಿಲ್ಟರ್‌ಗಳಿವೆ. ಅವೆಲ್ಲ ಸೇರಿ ಒಂದು ನಿಮಿಷಕ್ಕೆ ಎಷ್ಟು ಎಂಎಲ್ ಸೋಸ್ತಾವೆ ಅನ್ನೋದೇ ಜಿಎಫ್‌ಆರ್. ಆರೋಗ್ಯವಾಗಿರೋ ಯುವಕರಲ್ಲಿ ಇದು ನಿಮಿಷಕ್ಕೆ 100ರಿಂದ 120 ಎಂಎಲ್ ಇರತ್ತೆ ಅಂತ ಪುಸ್ತಕಗಳಲ್ಲಿ ಬರೆದಿರತ್ತೆ, ವಯಸ್ಸಾಗ್ತಾ ನಿಧಾನಕ್ಕೆ ಇಳಿಯತ್ತೆ. ಇದನ್ನ ನೇರವಾಗಿ ಅಳೆಯೋದು ದೊಡ್ಡ ಕೆಲಸ, ಅದಕ್ಕೆ ರಕ್ತದಲ್ಲಿರೋ ಕ್ರಿಯಾಟಿನಿನ್ ನೋಡಿ ಊಹೆ ಮಾಡ್ತೀವಿ. ಇಜಿಎಫ್‌ಆರ್‌ನಲ್ಲಿರೋ ಆ ಮೊದಲ 'ಇ' ಅಂದ್ರೆ ಅಂದಾಜು ಅಂತಾನೇ.

ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಲ್ಲಿ, ಹೊರಗೆ ಹೋಗೋದು ಕಿಡ್ನಿಯಿಂದ. ನೀರಿನ ತೊಟ್ಟಿಗೆ ಮೇಲಿಂದ ನಲ್ಲಿ ಬಿಟ್ಟಿದೆ, ಕೆಳಗೆ ಒಂದು ತೂತಿದೆ ಅಂತಿಟ್ಕೊಳಿ, ನಮಗೆ ಕಾಣೋದು ತೊಟ್ಟಿಯ ನೀರಿನ ಮಟ್ಟ ಮಾತ್ರ. ಮಟ್ಟ ಏರಿದೆ ಅಂದ್ರೆ ತೂತು ಕಟ್ಕೊಂಡಿರಬಹುದು ಇಲ್ಲಾ ನಲ್ಲಿ ಜೋರಾಗಿರಬಹುದು. ಅಜ್ಜಿ ಮೈಯಲ್ಲಿ ಮಾಂಸಖಂಡ ಕಮ್ಮಿ, ಅಂದ್ರೆ ನಲ್ಲಿ ಸಣ್ಣಗೆ ಬರ್ತಿದೆ, ಆದ್ರೂ ಮಟ್ಟ 1.2ಕ್ಕೆ ಬಂದಿದೆ ಅಂದ್ರೆ ತೂತು ಚೆನ್ನಾಗೇ ಕಟ್ಕೊಂಡಿದೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ. ಜಿಎಫ್‌ಆರ್ ಅರ್ಧ ಆದ್ರೆ ಕ್ರಿಯಾಟಿನಿನ್ ಹೆಚ್ಚುಕಮ್ಮಿ ಎರಡರಷ್ಟಾಗತ್ತೆ. ಒಬ್ಬರಿಗೆ ಮೊದಲು 0.6 ಇದ್ದದ್ದು ಈಗ 1.2 ಆಗಿದ್ರೆ ಅರ್ಧ ಕೆಲಸ ಹೋಗಿದೆ ಅಂತ, ಆದ್ರೆ ಎರಡು ರಿಪೋರ್ಟೂ 'ನಾರ್ಮಲ್ ರೇಂಜ್' ಒಳಗೇ ಇರತ್ತೆ! ಅದಕ್ಕೇ ಹಳೇ ರಿಪೋರ್ಟ್ ಎಸೀಬೇಡಿ ಅಂತ ನಾನು ಎಲ್ಲರಿಗೂ ಹೇಳೋದು.

ಹಂತ 1: ರಿಪೋರ್ಟನ್ನ ಸರಿಯಾಗಿ ಓದಿ

ನಂಬರ್ ನೋಡೋಕೆ ಮುಂಚೆ ರಿಪೋರ್ಟಲ್ಲಿ ಸಣ್ಣಕ್ಷರದಲ್ಲಿ ಬರೆದಿರೋದನ್ನ ಓದಿ. ಮೊದಲನೇದು ಯೂನಿಟ್. ನಮ್ಮಲ್ಲಿ ಎಂಜಿ/ಡಿಎಲ್, ಇಂಗ್ಲೆಂಡ್ ಆಸ್ಟ್ರೇಲಿಯಾ ಕಡೆ ಮೈಕ್ರೋಮೋಲ್/ಲೀಟರ್. ಮಗಳ ಮನೆಗೆ ಲಂಡನ್‌ಗೆ ಹೋದಾಗ ಟೆಸ್ಟ್ ಮಾಡಿಸಿ 106 ಅಂತ ಬಂದಿದ್ದು ನೋಡಿ ಗಾಬರಿ ಆಗಬೇಕಾಗಿಲ್ಲ, 88.4ರಿಂದ ಭಾಗಿಸಿ, ಅದೇ 1.2 ಬರತ್ತೆ.

ಎರಡನೇದು ಅಳೆದ ವಿಧಾನ. ಜಾಫೆ ಅಂತ ಇರತ್ತೆ ಇಲ್ಲಾ ಎನ್ಜೈಮ್ಯಾಟಿಕ್ ಅಂತ ಇರತ್ತೆ. ಜಾಫೆ 1886ರಷ್ಟು ಹಳೇ ರಾಸಾಯನಿಕ ಕ್ರಿಯೆ, ಅಗ್ಗ, ಇವತ್ತಿಗೂ ತುಂಬಾ ಲ್ಯಾಬ್‌ಗಳಲ್ಲಿ ನಡೀತಿದೆ, ಆದ್ರೆ ರಕ್ತದಲ್ಲಿ ಕೀಟೋನ್, ಬಿಲಿರುಬಿನ್, ಕೆಲವು ಸೆಫಲೋಸ್ಪೋರಿನ್ ಆಂಟಿಬಯಾಟಿಕ್ ಇದ್ರೆ ನಂಬರ್ ಆಚೀಚೆ ಆಗತ್ತೆ. ಸಕ್ಕರೆ ತೀರಾ ಏರಿ ಕೀಟೋನ್ ಬಂದಿರೋ ಪೇಶೆಂಟ್‌ಗೆ, ಕಾಮಾಲೆ ಇರೋರಿಗೆ ಎನ್ಜೈಮ್ಯಾಟಿಕ್ ವಿಧಾನವೇ ಬೇಕು. ಜೊತೆಗೆ 'ಐಡಿಎಂಎಸ್ ಟ್ರೇಸಬಲ್' (ಅಂದ್ರೆ ಐಡಿಎಂಎಸ್ ಅನ್ನೋ ಪ್ರಮಾಣಿತ ಅಳತೆಗೆ ತಾಳೆ ಮಾಡಿದ್ದು) ಅಂತ ಬರೆದಿದೆಯಾ ನೋಡಿ, ಈಗಿನ ಫಾರ್ಮುಲಾಗಳೆಲ್ಲ ಆ ಅಳತೆಗೆ ಹೊಂದಿಸಿ ಮಾಡಿರೋದು. ಮೂರನೇದು, ಇಜಿಎಫ್‌ಆರ್ ಪ್ರಿಂಟ್ ಆಗಿದ್ರೆ ಅದು ಯಾವ ಫಾರ್ಮುಲಾ ಅಂತ. ಎಂಡಿಆರ್‌ಡಿ, ಸಿಕೆಡಿ-ಎಪಿ 2009, ಸಿಕೆಡಿ-ಎಪಿ 2021 ಈ ಮೂರರಲ್ಲಿ ಒಂದಿರತ್ತೆ. ಹೆಸರೇ ಇಲ್ಲದಿದ್ರೆ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ, ಅದನ್ನ ಹೇಳೋದು ಅವರ ಕೆಲಸ.

ರಕ್ತ ಕೊಡೋ ಹಿಂದಿನ ರಾತ್ರಿ ಮಟನ್ ಊಟ ಬೇಡ. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರತ್ತೆ, ಹನ್ನೆರಡು ಗಂಟೆ ಬಿಟ್ಟು ಕೊಡೋದು ಒಳ್ಳೇದು. ಹಿಂದಿನ ದಿನ ಭಾರೀ ವರ್ಕೌಟ್ ಬೇಡ, ಕ್ರಿಯಾಟಿನ್ ಪೌಡರ್ ತಗೊಳ್ತಿದ್ರೆ ಡಾಕ್ಟರ್‌ಗೆ ಹೇಳಿ. ನೀರು ಎಂದಿನಂತೆ ಕುಡೀರಿ, ಅಷ್ಟೇ ಸಾಕು.

ಹಂತ 2: ಸಿಕೆಡಿ-ಎಪಿ 2021 ಕೈಯಾರೆ ಹಾಕಿ ನೋಡಿ

ಆನ್‌ಲೈನ್ ಕ್ಯಾಲ್ಕುಲೇಟರ್ ಬೇಕಾದಷ್ಟಿವೆ, ಆದ್ರೂ ಒಂದ್ಸಲ ಕೈಯಲ್ಲಿ ಹಾಕಿದ್ರೆ ಫಾರ್ಮುಲಾ ಒಳಗೆ ಏನಿದೆ, ಏನಿಲ್ಲ ಅಂತ ಗೊತ್ತಾಗತ್ತೆ.

ಹೆಂಗಸರಿಗೆ, ಕ್ರಿಯಾಟಿನಿನ್ 0.7ಕ್ಕಿಂತ ಜಾಸ್ತಿ ಇದ್ರೆ:
142 × (ಕ್ರಿಯಾಟಿನಿನ್ ÷ 0.7) ಪವರ್ −1.2 × 0.9938 ಪವರ್ ವಯಸ್ಸು × 1.012

ಗಂಡಸರಿಗೆ, ಕ್ರಿಯಾಟಿನಿನ್ 0.9ಕ್ಕಿಂತ ಜಾಸ್ತಿ ಇದ್ರೆ:
142 × (ಕ್ರಿಯಾಟಿನಿನ್ ÷ 0.9) ಪವರ್ −1.2 × 0.9938 ಪವರ್ ವಯಸ್ಸು

ಕ್ರಿಯಾಟಿನಿನ್ ಆ ಗಡಿಗಿಂತ ಕಮ್ಮಿ ಇದ್ರೆ −1.2 ಬದಲು ಹೆಂಗಸರಿಗೆ −0.241, ಗಂಡಸರಿಗೆ −0.302 ಹಾಕಬೇಕು, ಉಳಿದದ್ದೆಲ್ಲ ಅದೇ.

ಈಗ ಅಜ್ಜಿದು ನೋಡೋಣ. 1.2 ÷ 0.7 ಮಾಡಿದ್ರೆ 1.714. ಕ್ಯಾಲ್ಕುಲೇಟರ್‌ನಲ್ಲಿ ಪವರ್ ಬಟನ್ ಒತ್ತಿ −1.2 ಕೊಟ್ರೆ 0.524 ಬರತ್ತೆ. 0.9938 ಪವರ್ 72 ಅಂದ್ರೆ 0.639. ಎಲ್ಲಾ ಗುಣಿಸಿ: 142 × 0.524 × 0.639 × 1.012, ಉತ್ತರ 48. ಹುಡುಗನಿಗೆ ಅದೇ ಥರ ಹಾಕಿದ್ರೆ 83.

ಗಮನಿಸಿ, ಇದರಲ್ಲಿ ತೂಕ ಇಲ್ಲ, ಎತ್ತರ ಇಲ್ಲ, ಮಾಂಸಖಂಡ ಎಷ್ಟಿದೆ ಅನ್ನೋದು ಇಲ್ಲ. ವಯಸ್ಸು ಮತ್ತು ಹೆಣ್ಣೋ ಗಂಡೋ ಅನ್ನೋದನ್ನ ನೋಡಿ 'ಇಷ್ಟು ಮಾಂಸಖಂಡ ಇರಬಹುದು' ಅಂತ ಫಾರ್ಮುಲಾ ತಾನೇ ಅಂದ್ಕೊಳತ್ತೆ. ಅಲ್ಲೇ ಇರೋದು ಎಲ್ಲಾ ಸಮಸ್ಯೆಯ ಬೇರು.

ಇನ್ನೊಂದು ಪ್ರಯೋಗ ಮಾಡಿ ನೋಡಿ. ಅಜ್ಜಿಯ ಕ್ರಿಯಾಟಿನಿನ್ 1.1 ಅಂತ ಹಾಕಿದ್ರೆ 53, 1.3 ಅಂತ ಹಾಕಿದ್ರೆ 44. ಬರೀ 0.1ರ ವ್ಯತ್ಯಾಸಕ್ಕೆ ಇಷ್ಟು. ಇವತ್ತು ಒಂದು ಲ್ಯಾಬಲ್ಲಿ 1.1, ಹದಿನೈದು ದಿನ ಬಿಟ್ಟು ಇನ್ನೊಂದು ಲ್ಯಾಬಲ್ಲಿ 1.2 ಬರೋದು ತೀರಾ ಸಾಮಾನ್ಯ, ಅಷ್ಟಕ್ಕೇ 'ಕಿಡ್ನಿ ಐದು ಪಾಯಿಂಟ್ ಬಿದ್ದೋಯ್ತು' ಅಂತ ನಿದ್ದೆ ಕೆಡಿಸ್ಕೋಬೇಡಿ.

ಹಂತ 3: ಅದೇ ರಕ್ತ, ಬೇರೆ ಫಾರ್ಮುಲಾಗಳು

ಅಜ್ಜಿಗೆ 2021ರ ಫಾರ್ಮುಲಾದಲ್ಲಿ 48, 2009ರದ್ದರಲ್ಲಿ 45, ಎಂಡಿಆರ್‌ಡಿಯಲ್ಲಿ 44, ಕಾಕ್‌ಕ್ರಾಫ್ಟ್-ಗಾಲ್ಟ್‌ನಲ್ಲಿ 29. ಹುಡುಗನಿಗೆ ಅದೇ ಕ್ರಮದಲ್ಲಿ 83, 81, 71, 104. ಅಜ್ಜಿಗೆ ಕಾಕ್‌ಕ್ರಾಫ್ಟ್ ಎಲ್ಲಕ್ಕಿಂತ ಕಮ್ಮಿ ಹೇಳ್ತಿದೆ, ಹುಡುಗನಿಗೆ ಎಲ್ಲಕ್ಕಿಂತ ಜಾಸ್ತಿ ಹೇಳ್ತಿದೆ. ಯಾಕೆ ಅಂತ ಅರ್ಥ ಆಗಬೇಕು ಅಂದ್ರೆ ಇವು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಗೊತ್ತಿರಬೇಕು.

ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ತಮ್ಮ ಫಾರ್ಮುಲಾ ಪ್ರಕಟಿಸಿದ್ದು 1976ರಲ್ಲಿ, 249 ಜನರ ಡೇಟಾ, ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ. ಹೆಂಗಸರಿಗೆ 0.85ರಿಂದ ಗುಣಿಸಿ ಅನ್ನೋದು ಅಳೆದು ಕಂಡುಕೊಂಡಿದ್ದಲ್ಲ, ಅಂದಾಜಿಗೆ ಇಟ್ಟಿದ್ದು. ಅದು ಜಿಎಫ್‌ಆರನ್ನೂ ಹೇಳಲ್ಲ, ಕ್ರಿಯಾಟಿನಿನ್ ಕ್ಲಿಯರೆನ್ಸ್ (ನಿಮಿಷಕ್ಕೆ ಎಷ್ಟು ಎಂಎಲ್ ರಕ್ತದಿಂದ ಕ್ರಿಯಾಟಿನಿನ್ ಹೊರಗೆ ಹೋಗತ್ತೆ ಅನ್ನೋದು) ಹೇಳತ್ತೆ. ತೂಕ ಸೇರಿಸ್ತಾರೆ, ಹಂಗಾಗಿ ಸಣ್ಣ ಮೈಯವರಿಗೆ ಕಮ್ಮಿ, ದೊಡ್ಡ ಮೈಯವರಿಗೆ ಜಾಸ್ತಿ ಬರತ್ತೆ. ಎಂಡಿಆರ್‌ಡಿ ಬಂದಿದ್ದು 1999ರಲ್ಲಿ ಅಮೆರಿಕದಿಂದ, 1,628 ಕಿಡ್ನಿ ಕಾಯಿಲೆಯವರನ್ನ ಇಟ್ಕೊಂಡು. ಆರೋಗ್ಯವಂತರು ಅದರಲ್ಲಿ ಇರಲಿಲ್ಲ, ಅದಕ್ಕೇ 60ರ ಮೇಲಿನ ಜಿಎಫ್‌ಆರ್ ಇರೋರಿಗೆ ಅದು ಕಮ್ಮಿ ತೋರಿಸತ್ತೆ, ನಮ್ಮ ಜಿಮ್ ಹುಡುಗನಿಗೆ 71 ಬಂದಿದ್ದು ಅದರಿಂದ. ಹಾಗಾಗಿ ಈಗಲೂ ಎಂಡಿಆರ್‌ಡಿ ಪ್ರಿಂಟ್ ಮಾಡೋ ಲ್ಯಾಬ್ ಇದ್ರೆ ಆ ನಂಬರ್ ಬಿಟ್ಟು ನೀವೇ 2021ರದ್ದು ಹಾಕ್ಕೊಳಿ. ಸಿಕೆಡಿ-ಎಪಿ 2009ರಲ್ಲಿ 8,254 ಜನರ ಡೇಟಾ ಸೇರಿಸಿ ಆ ತೊಂದರೆ ಸರಿ ಮಾಡಿದ್ರು, ಆದ್ರೆ ಅದರಲ್ಲಿ ಕಪ್ಪು ಜನಾಂಗದವರಿಗೆ ಅಂತ ಬೇರೆ ಗುಣಕ ಇತ್ತು, 2021ರಲ್ಲಿ ಅದನ್ನ ತೆಗೆದು ಹೊಸದಾಗಿ ಲೆಕ್ಕ ಕಟ್ಟಿದ್ರು.

ಇದರಿಂದ ಒಂದು ಗೊಂದಲ ಆಗತ್ತೆ, ನಮ್ಮವರಿಗೆ ಮುಖ್ಯವಾಗಿ. 2009ರಿಂದ 2021ಕ್ಕೆ ಹೋದ್ರೆ ನಮ್ಮಂಥವರಿಗೆ ನಂಬರ್ ಮೂರ್ನಾಲ್ಕು ಪಾಯಿಂಟ್ ಮೇಲೆ ಬರತ್ತೆ. ಅಮೆರಿಕದ ಲ್ಯಾಬ್‌ಗಳು 2021ಕ್ಕೆ ಹೋಗಿವೆ, ಇಂಗ್ಲೆಂಡ್‌ನ ಮಾರ್ಗಸೂಚಿ 2009ರದ್ದನ್ನೇ ಜನಾಂಗದ ಗುಣಕ ಬಿಟ್ಟು ಉಳಿಸ್ಕೊಂಡಿದೆ. ಊರಲ್ಲಿ 45 ಇದ್ದಿದ್ದು ಮಗನ ಮನೇಲಿ ಅಮೆರಿಕದಲ್ಲಿ 48 ಆಯ್ತು, ಅಲ್ಲಿ ನೀರು ಗಾಳಿ ಚೆನ್ನಾಗಿ ಹಿಡಿಸ್ತು ಅಂತ ಖುಷಿಪಟ್ಟು ಔಷಧಿ ಬಿಟ್ಟುಬಿಟ್ರೆ ಕಷ್ಟ. ಕ್ರಿಯಾಟಿನಿನ್ ಎರಡೂ ಕಡೆ 1.2ಏ ಇದೆಯಲ್ಲ!

ಎಷ್ಟು ನಂಬಬಹುದು ಅಂದ್ರೆ, ಒಳ್ಳೇ ಕ್ರಿಯಾಟಿನಿನ್ ಫಾರ್ಮುಲಾ ಕೂಡ ನೂರರಲ್ಲಿ ಸುಮಾರು 85 ಜನರಿಗೆ ಮಾತ್ರ ನಿಜವಾದ ಜಿಎಫ್‌ಆರ್‌ನ ಶೇಕಡಾ 30ರ ಒಳಗೆ ಉತ್ತರ ಕೊಡತ್ತೆ. ಅಜ್ಜಿಯ 48 ಅನ್ನೋದರ ಹಿಂದೆ ನಿಜವಾದ ನಂಬರ್ 37 ಇರಬಹುದು, 69 ಇರಬಹುದು, ಉಳಿದ 15 ಜನರಲ್ಲಿ ಅದಕ್ಕೂ ಹೊರಗಿರಬಹುದು.

ಹಂತ 4: ಈ ಮನುಷ್ಯರಿಗೆ ಈ ಫಾರ್ಮುಲಾ ಹೊಂದತ್ತಾ ಅಂತ ಕೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಎದುರಿಗಿರೋರನ್ನ ನೋಡಿ.

ಕೈಕಾಲು ಸಣ್ಣಗಾಗಿದೆಯಾ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾರಾ, ಲಿವರ್ ಕಾಯಿಲೆ ಇದೆಯಾ, ಕಾಲು ಕತ್ತರಿಸಿದ್ದಾರಾ, ಲಕ್ವ ಹೊಡೆದಿದೆಯಾ? ಹಾಗಿದ್ರೆ ಕ್ರಿಯಾಟಿನಿನ್ ಸುಳ್ಳೇ ಕಮ್ಮಿ ಇರತ್ತೆ, ಇಜಿಎಫ್‌ಆರ್ ಇರೋದಕ್ಕಿಂತ ಚೆನ್ನಾಗಿ ಕಾಣತ್ತೆ. ಬಾಡಿ ಬಿಲ್ಡರ್ ಆಗಿದ್ರೆ, ದಿನಾ ಜಾಸ್ತಿ ಮಾಂಸ ತಿನ್ನೋರಾಗಿದ್ರೆ ಉಲ್ಟಾ. ಕೆಲವು ಔಷಧಿಗಳು ಕಿಡ್ನಿಗೆ ಏನೂ ಮಾಡದೆ ಕ್ರಿಯಾಟಿನಿನ್ ಹೊರಗೆ ಹೋಗೋ ಇನ್ನೊಂದು ದಾರಿಯನ್ನ ಮುಚ್ಚತ್ತೆ: ಟ್ರೈಮೆಥೊಪ್ರಿಮ್ (ಸೆಪ್ಟ್ರಾನ್ ಮಾತ್ರೆಯಲ್ಲಿ ಇರೋದು), ಸಿಮೆಟಿಡಿನ್, ಎಚ್‌ಐವಿಗೆ ಕೊಡೋ ಡೊಲುಟೆಗ್ರಾವಿರ್. ಇವನ್ನ ಶುರು ಮಾಡಿದ ಮೇಲೆ ನಂಬರ್ ಸ್ವಲ್ಪ ಏರಿದ್ರೆ ಆ ಕಾರಣಾನೂ ಡಾಕ್ಟರ್ ಜೊತೆ ಮಾತಾಡಿ.

ನಮ್ಮ ಜನರ ವಿಷಯ ಬೇರೆಯಾಗೇ ಹೇಳಬೇಕು. ಈ ಫಾರ್ಮುಲಾಗಳನ್ನ ಕಟ್ಟಿದ್ದು ಬಹುಪಾಲು ಅಮೆರಿಕ, ಯೂರೋಪಿನವರ ಮೇಲೆ. ಅನ್ನ, ಮುದ್ದೆ, ರೊಟ್ಟಿ, ಬೇಳೆ ಸಾರಲ್ಲಿ ಊಟ ಮುಗಿಸೋ, ಮೈಕಟ್ಟು ಸಣ್ಣಗಿರೋ ನಮ್ಮವರಲ್ಲಿ ಕ್ರಿಯಾಟಿನಿನ್ ಹುಟ್ಟೋದೇ ಕಮ್ಮಿ, ಹಂಗಾಗಿ ಇಜಿಎಫ್‌ಆರ್ ಸಾಮಾನ್ಯವಾಗಿ ನಿಜಕ್ಕಿಂತ ಜಾಸ್ತಿ ಬರತ್ತೆ ಅಂತ ಈ ಉಪಖಂಡದ ಅಧ್ಯಯನಗಳು ತೋರಿಸಿವೆ. ಪಾಕಿಸ್ತಾನದವರು ಇದಕ್ಕೊಂದು ತಿದ್ದುಪಡಿ ಮಾಡಿದ್ದಾರೆ: ಸಿಕೆಡಿ-ಎಪಿ 2009ರ ಉತ್ತರವನ್ನ ಪವರ್ 1.059 ಮಾಡಿ 0.686ರಿಂದ ಗುಣಿಸೋದು. 90 ಅಂತ ಬಂದಿದ್ರೆ ತಿದ್ದಿದ ಮೇಲೆ 80 ಚಿಲ್ಲರೆ ಆಗತ್ತೆ. ನಮ್ಮ ಲ್ಯಾಬ್‌ಗಳು ಇದನ್ನ ಪ್ರಿಂಟ್ ಮಾಡಲ್ಲ, ನೀವೂ ಇದರ ಮೇಲೆ ಔಷಧಿ ತೀರ್ಮಾನ ಮಾಡಬೇಡಿ, ಆದ್ರೆ 62 ಬಂದಿದೆ, 60ರ ಮೇಲಿದೆ, ನಿಶ್ಚಿಂತೆ ಅಂದ್ಕೊಳೋ ಮುಂಚೆ ಇದು ತಲೇಲಿರಲಿ.

ಮತ್ತೆ ಫಾರ್ಮುಲಾ ಹಾಕಲೇಬಾರದ ಸಂದರ್ಭಗಳು: ವಾಂತಿ ಭೇದಿ ಆಗಿ, ಹಾವು ಕಚ್ಚಿ, ಇಲಿಜ್ವರ ಬಂದು, ಸೆಪ್ಸಿಸ್ (ಸೋಂಕು ಮೈಯೆಲ್ಲಾ ಏರೋದು) ಆಗಿ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಬದಲಾಗ್ತಿರುವಾಗ. ಕಿಡ್ನಿ ಇದ್ದಕ್ಕಿದ್ದಂತೆ ನಿಂತರೂ ಕ್ರಿಯಾಟಿನಿನ್ ಏರೋಕೆ ದಿನಗಳು ಬೇಕು, ಮೊದಲ ದಿನ ಇಜಿಎಫ್‌ಆರ್ 70 ಅಂತ ತೋರಿಸ್ತಿರತ್ತೆ, ಒಳಗೆ ಹತ್ತೂ ಇರಲ್ಲ. ಅಂಥ ಹೊತ್ತಲ್ಲಿ ಗಂಟೆಗೆ ಎಷ್ಟು ಮೂತ್ರ ಹೋಗ್ತಿದೆ, ಕ್ರಿಯಾಟಿನಿನ್ ಏರ್ತಿದೆಯಾ ಇಳೀತಿದೆಯಾ ಅನ್ನೋದೇ ಮುಖ್ಯ. ಗರ್ಭಿಣಿಯರಿಗೂ ಈ ಫಾರ್ಮುಲಾ ಬೇಡ, ಅವರಲ್ಲಿ ಕ್ರಿಯಾಟಿನಿನ್ ಸಹಜವಾಗೇ ಇಳಿದಿರತ್ತೆ.

ಹಂತ 5: ಅನುಮಾನ ಬಂದ್ರೆ ಸಿಸ್ಟಾಟಿನ್ ಸಿ

ಸಿಸ್ಟಾಟಿನ್ ಸಿ ಅನ್ನೋದು ಮೈಯ ಹೆಚ್ಚುಕಮ್ಮಿ ಎಲ್ಲಾ ಜೀವಕೋಶಗಳೂ ಮಾಡೋ ಸಣ್ಣ ಪ್ರೋಟೀನ್. ಮಾಂಸಖಂಡ ಎಷ್ಟಿದೆ ಅನ್ನೋದರ ಮೇಲೆ ಅಷ್ಟಾಗಿ ನಿಂತಿಲ್ಲ, ಊಟಕ್ಕೂ ಹೆಚ್ಚು ಬದಲಾಗಲ್ಲ. ದೊಡ್ಡ ಲ್ಯಾಬ್‌ಗಳಲ್ಲಿ ಸಿಗತ್ತೆ, ಕ್ರಿಯಾಟಿನಿನ್‌ಗಿಂತ ಹಲವು ಪಟ್ಟು ದುಬಾರಿ. ಸಣ್ಣ ಊರಿನ ಲ್ಯಾಬ್ ಆದ್ರೆ ಸ್ಯಾಂಪಲ್ ಹೊರಗೆ ಕಳಿಸ್ತಾರೆ, ಒಂದೆರಡು ದಿನ ಕಾಯಬೇಕು.

ಅಜ್ಜಿಗೆ ಸಿಸ್ಟಾಟಿನ್ 1.7 ಬಂತು ಅಂತಿಟ್ಕೊಳಿ. ಸಿಸ್ಟಾಟಿನ್ ಒಂದರಿಂದಲೇ ಲೆಕ್ಕ ಹಾಕಿದ್ರೆ 34, ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್ ಎರಡೂ ಸೇರಿಸಿದ 2021ರ ಫಾರ್ಮುಲಾದಲ್ಲಿ 41. ಹುಡುಗನಿಗೆ ಸಿಸ್ಟಾಟಿನ್ 0.8 ಇದ್ರೆ ಅದೊಂದರಿಂದ 118, ಎರಡೂ ಸೇರಿಸಿದ್ರೆ 103. ನೋಡಿ, ಹುಡುಗನ 83 ಅನ್ನೋದು ಬರೀ ಮಾಂಸಖಂಡದ ಆಟ, ಕಿಡ್ನಿ ಗಟ್ಟಿಯಾಗಿದೆ. ಅಜ್ಜಿಯ 48 ಅನ್ನೋದು ಇರೋದಕ್ಕಿಂತ ಚೆನ್ನಾಗಿ ಕಾಣ್ತಿದ್ದ ನಂಬರ್, ನಿಜ ಅದಕ್ಕಿಂತ ಕೆಳಗಿದೆ. ಎರಡೂ ಸೇರಿಸಿದ ಫಾರ್ಮುಲಾ ಈ ಮೂರರಲ್ಲಿ ಹೆಚ್ಚು ನಿಖರ, ಕಿಡ್ನಿ ಕಾಯಿಲೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬರೆಯೋ ಕೆಡಿಗೋ ಸಂಸ್ಥೆಯ 2024ರ ಮಾರ್ಗಸೂಚಿಯೂ ಸಿಸ್ಟಾಟಿನ್ ಸಿಗೋ ಕಡೆ ಅದನ್ನೇ ಬಳಸಿ ಅನ್ನತ್ತೆ. ಇದನ್ನ ಕೈಯಲ್ಲಿ ಹಾಕೋ ಶ್ರಮ ಬೇಡ, ಆನ್‌ಲೈನ್ ಕ್ಯಾಲ್ಕುಲೇಟರಲ್ಲಿ ಎರಡೂ ನಂಬರ್ ಹಾಕಿ ಸಾಕು.

ಸಿಸ್ಟಾಟಿನ್‌ಗೂ ತೊಂದರೆಗಳಿವೆ. ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ರೆ, ಥೈರಾಯ್ಡ್ ಜಾಸ್ತಿ ಇದ್ರೆ, ಬೀಡಿ ಸಿಗರೇಟ್ ಸೇದ್ತಿದ್ರೆ, ಬೊಜ್ಜಿದ್ರೆ, ಮೈಯಲ್ಲಿ ಉರಿಯೂತ ಇದ್ರೆ ಅದು ಏರತ್ತೆ. ಥೈರಾಯ್ಡ್ ಕಮ್ಮಿ ಇದ್ರೆ ಇಳಿಯತ್ತೆ. ಹಂಗಾಗಿ ಥೈರಾಯ್ಡ್ ಕಂಟ್ರೋಲಲ್ಲಿ ಇಲ್ಲದವರು ಮೊದಲು ಅದನ್ನ ಸರಿ ಮಾಡ್ಕೊಂಡು ಆಮೇಲೆ ಇದನ್ನ ಮಾಡಿಸೋದು ಒಳ್ಳೇದು.

ಹಂತ 6: ಔಷಧಿ ಡೋಸ್‌ಗೆ ಯಾವ ನಂಬರ್

ಇಲ್ಲಿ ಕಾಕ್‌ಕ್ರಾಫ್ಟ್-ಗಾಲ್ಟ್ ಇನ್ನೂ ಬದುಕಿದೆ. ಲೆಕ್ಕ ಸುಲಭ, ಕೂಡಿ ಕಳೆದು ಗುಣಿಸಿದ್ರೆ ಆಯ್ತು:

(140 − ವಯಸ್ಸು) × ತೂಕ ÷ (72 × ಕ್ರಿಯಾಟಿನಿನ್), ಹೆಂಗಸರಾದ್ರೆ × 0.85

ಅಜ್ಜಿಗೆ 68 × 44 ÷ 86.4 × 0.85, ಅಂದ್ರೆ 29. ತುಂಬಾ ಔಷಧಿಗಳ ಡೋಸ್ ಪಟ್ಟಿ ಮಾಡಿದ್ದು ಈ ಫಾರ್ಮುಲಾ ಇಟ್ಕೊಂಡೇ. ರಕ್ತ ಹೆಪ್ಪುಗಟ್ಟದಂತೆ ಕೊಡೋ ಡಾಬಿಗಾಟ್ರಾನ್ ತಗೊಳಿ, ಅದರ ದೊಡ್ಡ ಟ್ರಯಲ್‌ನಲ್ಲಿ ಕ್ಲಿಯರೆನ್ಸ್ 30ಕ್ಕಿಂತ ಕಮ್ಮಿ ಇದ್ದೋರನ್ನ ಸೇರಿಸಿಕೊಂಡೇ ಇರಲಿಲ್ಲ. ರಿಪೋರ್ಟಲ್ಲಿರೋ 48 ನೋಡಿ ಅಜ್ಜಿಗೆ ಆ ಮಾತ್ರೆ ಬರೆದ್ರೆ ರಕ್ತಸ್ರಾವದ ಅಪಾಯಕ್ಕೆ ದೂಡಿದಂಗೆ. ಮೆಟ್‌ಫಾರ್ಮಿನ್‌ಗೆ ಮಾತ್ರ ಇಜಿಎಫ್‌ಆರನ್ನೇ ನೋಡ್ತಾರೆ: 30ಕ್ಕಿಂತ ಕೆಳಗೆ ಕೊಡಬಾರದು, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡಲ್ಲ, ಮೊದಲಿಂದ ತಗೊಳ್ತಿದ್ರೆ ಡೋಸ್ ಇಳಿಸ್ತಾರೆ.

ಬೊಜ್ಜಿರೋರಿಗೆ ಕಾಕ್‌ಕ್ರಾಫ್ಟಲ್ಲಿ ಪೂರ್ತಿ ತೂಕ ಹಾಕಿದ್ರೆ ಉತ್ತರ ಉಬ್ಬತ್ತೆ, ಆದರ್ಶ ತೂಕಕ್ಕೆ ಹೆಚ್ಚಿರೋ ತೂಕದ 40 ಶೇಕಡಾ ಸೇರಿಸಿ ಹಾಕೋದು ರೂಢಿ.

ಈಗ ಇಜಿಎಫ್‌ಆರ್‌ನಲ್ಲಿ ಅಡಗಿರೋ ಇನ್ನೊಂದು ವಿಷಯ. ಅದರ ಯೂನಿಟ್ 'ಪ್ರತಿ 1.73 ಚದರ ಮೀಟರ್‌ಗೆ' ಅಂತ ಇರತ್ತೆ, ಅಂದ್ರೆ ಎಲ್ಲರ ಮೈಯೂ ಅಷ್ಟೇ ದೊಡ್ಡದು ಅಂದ್ಕೊಂಡು ಕೊಟ್ಟ ನಂಬರ್. ಕಾಯಿಲೆಯ ಹಂತ ಹೇಳೋಕೆ ಅದು ಸರಿ, ಡೋಸ್‌ಗೆ ಆ ಮನುಷ್ಯರ ಸ್ವಂತ ನಂಬರ್ ಬೇಕು. ಎತ್ತರ ಸೆಂಟಿಮೀಟರ್ × ತೂಕ ಕೆಜಿ ÷ 3600 ಮಾಡಿ ವರ್ಗಮೂಲ ತೆಗೀರಿ. ಅಜ್ಜಿ 148 ಸೆಂಟಿಮೀಟರ್, 44 ಕೆಜಿ, ಬರೋದು 1.345 ಚದರ ಮೀಟರ್. ಆಮೇಲೆ 48 × 1.345 ÷ 1.73 = 37. ಎರಡೂ ಸೇರಿಸಿದ ಫಾರ್ಮುಲಾದ 41ಕ್ಕೆ ಇದೇ ಮಾಡಿದ್ರೆ 32. ಕಾಕ್‌ಕ್ರಾಫ್ಟ್ ಹೇಳಿದ 29ರ ಹತ್ರಾನೇ ಬಂತು. ಅಂದ್ರೆ ಫಾರ್ಮುಲಾಗಳ ನಡುವೆ ಕಂಡಿದ್ದ ದೊಡ್ಡ ಜಗಳದಲ್ಲಿ ಒಂದು ಪಾಲು ಮೈಯ ಅಳತೆಯದು, ಇನ್ನೊಂದು ಪಾಲು ಮಾಂಸಖಂಡದ್ದು. ಅಜ್ಜಿಗೆ ಯಾರಾದ್ರೂ ಡೋಸ್ ಬರೆಯೋದಾದ್ರೆ 30ರ ಆಸುಪಾಸು ಅಂದ್ಕೊಂಡೇ ಬರೀಬೇಕು.

ಹಂತ 7: 24 ಗಂಟೆ ಮೂತ್ರ ಹಿಡಿಯೋದು

ಇಡೀ ದಿನದ ಮೂತ್ರವನ್ನ ಒಂದು ಕ್ಯಾನಿನಲ್ಲಿ ಸೇರಿಸಿ ಕ್ರಿಯಾಟಿನಿನ್ ಕ್ಲಿಯರೆನ್ಸ್ ಅಳೆಯೋದು ಇದು. ತತ್ವದಲ್ಲಿ ಒಳ್ಳೇ ಪರೀಕ್ಷೆ, ಕೆಡೋದೆಲ್ಲ ಹಿಡಿಯೋದರಲ್ಲಿ. ಕ್ಯಾನ್ ವಾಪಸ್ ತಂದಾಗ ನಡೆಯೋ ಮಾತು ಹೀಗಿರತ್ತೆ:

"ಅಜ್ಜಿ, ನಿನ್ನೆ ಬೆಳಗ್ಗೆ ಎದ್ದ ತಕ್ಷಣ ಹೋಗಿದ್ದನ್ನ ಕ್ಯಾನಿಗೆ ಹಾಕಿದ್ರಾ?"
"ಹೂಂ ಕಣಪ್ಪಾ, ಎಲ್ಲಾ ಹಾಕ್ದೆ, ಒಂದ್ ತೊಟ್ಟೂ ಚೆಲ್ಲಿಲ್ಲ."
"ಇವತ್ತು ಬೆಳಗ್ಗೇದು?"
"ಅದೂ ಹಾಕ್ದೆ. ರಾತ್ರಿ ಒಂದ್ಸಲ ಮಾತ್ರ ನಿದ್ದೆಗಣ್ಣಲ್ಲಿ ಹಂಗೇ ಹೋಗ್ಬಿಟ್ಟೆ."

ಅಲ್ಲಿಗೆ ಒಂದು ಸಲ ಜಾಸ್ತಿ ಸೇರಿದೆ, ಒಂದು ಸಲ ಬಿಟ್ಟುಹೋಗಿದೆ. ಸರಿಯಾದ ಕ್ರಮ ಇದು: ಮೊದಲ ದಿನ ಬೆಳಗ್ಗೆ ಏಳಕ್ಕೆ ಹೋಗಿ, ಅದನ್ನ ಚೆಲ್ಲಿಬಿಡಿ, ಟೈಮ್ ಬರ್ಕೊಳಿ. ಅಲ್ಲಿಂದಾಚೆ ಪ್ರತಿಯೊಂದೂ ಕ್ಯಾನಿಗೆ, ರಾತ್ರಿದೂ, ಸಂಡಾಸಿಗೆ ಹೋದಾಗಿಂದೂ. ಮಾರನೇ ದಿನ ಬೆಳಗ್ಗೆ ಏಳಕ್ಕೆ ಹೋಗಿ ಅದನ್ನೂ ಹಾಕಿ ಮುಚ್ಚಿ. ಕ್ಯಾನ್ ತಂಪಾದ ಜಾಗದಲ್ಲಿಡಿ. ಬಚ್ಚಲು ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಮನೆಯಲ್ಲಿ ಉಳಿದೋರಿಗೂ ಹೇಳಿಡಿ. ಅದೇ ದಿನ ರಕ್ತಾನೂ ಕೊಡಬೇಕು.

ಲೆಕ್ಕ: ಮೂತ್ರದ ಕ್ರಿಯಾಟಿನಿನ್ × ಮೂತ್ರದ ಎಂಎಲ್ ÷ (ರಕ್ತದ ಕ್ರಿಯಾಟಿನಿನ್ × 1440). ಮೂತ್ರದಲ್ಲಿ 45 ಎಂಜಿ/ಡಿಎಲ್, ಒಟ್ಟು 1200 ಎಂಎಲ್ ಬಂದ್ರೆ 45 × 1200 ÷ 1728 = 31. ಅದೇ 300 ಎಂಎಲ್ ಬಿಟ್ಟುಹೋಗಿ 900 ಆಗಿದ್ರೆ 23, ಡಯಾಲಿಸಿಸ್ ಮಾತು ಶುರುವಾಗಿಬಿಡ್ತಿತ್ತು. ಪೂರ್ತಿ ಹಿಡಿದಿದ್ದಾರಾ ಅಂತ ನೋಡೋಕೆ ಒಟ್ಟು ಕ್ರಿಯಾಟಿನಿನನ್ನ ತೂಕದಿಂದ ಭಾಗಿಸಿ. 50ಕ್ಕಿಂತ ಕಮ್ಮಿ ವಯಸ್ಸಿನ ಗಂಡಸರಲ್ಲಿ ಕೆಜಿಗೆ 20ರಿಂದ 25 ಎಂಜಿ, ಹೆಂಗಸರಲ್ಲಿ 15ರಿಂದ 20 ಬರಬೇಕು, ವಯಸ್ಸಾದೋರಲ್ಲಿ ಇನ್ನೂ ಕಮ್ಮಿ. ಅಜ್ಜಿದು 540 ಎಂಜಿ, ಕೆಜಿಗೆ 12, ಅವರ ವಯಸ್ಸಿಗೆ ಒಪ್ಪುವಂಥದ್ದೇ. ಕ್ರಿಯಾಟಿನಿನ್ ಸ್ವಲ್ಪ ಭಾಗ ಸೋಸದೇನೇ ನೇರವಾಗಿ ಮೂತ್ರಕ್ಕೆ ಸೇರೋದರಿಂದ ಈ ವಿಧಾನ ನಿಜವಾದ ಜಿಎಫ್‌ಆರ್‌ಗಿಂತ ಸ್ವಲ್ಪ ಜಾಸ್ತಿನೇ ಹೇಳತ್ತೆ. ಸಿಸ್ಟಾಟಿನ್ ಸಿಗೋ ಊರಲ್ಲಿ ನಾನು ಈ ಕ್ಯಾನ್ ಕಷ್ಟ ಯಾರಿಗೂ ಹೇಳಲ್ಲ.

ಹಂತ 8: ಊಹೆ ಸಾಲದಾಗ ನಿಜವಾಗಿ ಅಳೆಯೋದು

ಕಿಡ್ನಿ ದಾನ ಮಾಡೋರಿಗೆ, ಕೆಲವು ಕಿಮೋಥೆರಪಿ ಡೋಸ್‌ಗೆ, ಎರಡು ವಿಧಾನ ಎರಡು ದಿಕ್ಕಿಗೆ ಎಳೀತಿರುವಾಗ ಅಳೆದೇ ನೋಡಬೇಕು. ಹಳೇ ಕಾಲದ ಮಾನದಂಡ ಇನ್ಯುಲಿನ್ (ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಲ್ಲ, ಗಿಡಗಳಿಂದ ಬರೋ ಒಂದು ಪದಾರ್ಥ), ಈಗ ಅದನ್ನ ಮಾಡೋರು ಅಪರೂಪ. ಹೊರದೇಶಗಳಲ್ಲಿ ಅಯೋಹೆಕ್ಸಾಲ್ ಅನ್ನೋ ಕಾಂಟ್ರಾಸ್ಟ್ ಸಣ್ಣ ಡೋಸ್ ಕೊಟ್ಟು ಕೆಲವು ಗಂಟೆ ಬಿಟ್ಟು ರಕ್ತ ತೆಗೆದು ನೋಡ್ತಾರೆ. ನಮ್ಮಲ್ಲಿ ನಡೆಯೋದು ಡಿಟಿಪಿಎ ಸ್ಕ್ಯಾನ್ (ಸ್ವಲ್ಪ ವಿಕಿರಣ ಇರೋ ಪದಾರ್ಥ ಇಂಜೆಕ್ಷನ್ ಕೊಟ್ಟು ಮಾಡೋದು), ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ.

ಇದರಲ್ಲಿ ಎರಡು ಬಗೆ ಇದೆ, ಮೊದಲೇ ಕೇಳಿ. ಕ್ಯಾಮೆರಾ ಕೆಳಗೆ ಮಲಗಿಸಿ ಚಿತ್ರದಿಂದಲೇ ಲೆಕ್ಕ ಹಾಕೋದು ಗೇಟ್ಸ್ ವಿಧಾನ. ಇದು ಎಡಕ್ಕೆಷ್ಟು ಬಲಕ್ಕೆಷ್ಟು ಅಂತ ಪಾಲು ಚೆನ್ನಾಗಿ ಹೇಳತ್ತೆ, ಒಟ್ಟು ಜಿಎಫ್‌ಆರ್ ಮಾತ್ರ ಅಷ್ಟು ನಿಖರ ಅಲ್ಲ, ಕಿಡ್ನಿ ಎಷ್ಟು ಆಳದಲ್ಲಿದೆ ಅನ್ನೋದನ್ನೂ ಊಹಿಸ್ಕೊಂಡೇ ಲೆಕ್ಕ ಹಾಕಿರ್ತಾರೆ. ಇಂಜೆಕ್ಷನ್ ಆದ್ಮೇಲೆ ಎರಡು ಅಥವಾ ಹೆಚ್ಚು ಸಲ ರಕ್ತ ತೆಗೆದು ಲೆಕ್ಕ ಹಾಕೋದು ಪ್ಲಾಸ್ಮಾ ವಿಧಾನ, ನಂಬಬೇಕಾದ ಅಳತೆ ಅದು. 'ಸ್ಕ್ಯಾನಲ್ಲಿ ಬಂದಿದ್ದು, ಹಂಗಾಗಿ ಪಕ್ಕಾ' ಅಂತ ಗೇಟ್ಸ್ ನಂಬರನ್ನ ಹಿಡ್ಕೊಳೋರು ತುಂಬಾ ಜನ, ಸಿಸ್ಟಾಟಿನ್ ಸೇರಿಸಿದ ಇಜಿಎಫ್‌ಆರ್ ಜೊತೆ ಅದು ತಾಳೆ ಆಗ್ದಿದ್ರೆ ಪ್ರಶ್ನೆ ಕೇಳಿ.

ದಾನಿಗಳಿಗೆ 90 ಮತ್ತು ಮೇಲೆ ಸರಿ, 60ಕ್ಕಿಂತ ಕೆಳಗೆ ಬೇಡ, ನಡುವಿನವರನ್ನ ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಿ ಅಂತ 2017ರ ಕೆಡಿಗೋ ಮಾರ್ಗಸೂಚಿ ಹೇಳತ್ತೆ. ಆದ್ರೆ ಭಾರತದ ಆರೋಗ್ಯವಂತ ದಾನಿಗಳಲ್ಲಿ ಅಳೆದ ಜಿಎಫ್‌ಆರ್ ಸರಾಸರಿಯೇ 80ರ ಆಸುಪಾಸು ಬಂದಿರೋ ವರದಿ ಇದೆ. ಹಂಗಾಗಿ ಅಣ್ಣನಿಗೆ ಕಿಡ್ನಿ ಕೊಡೋಕೆ ಮುಂದೆ ಬಂದ ತಂಗಿಗೆ 82 ಬಂದ್ರೆ ಅವಳ ಕಿಡ್ನಿ ಕೆಟ್ಟಿದೆ ಅಂತ ಅಲ್ಲ. ವಯಸ್ಸು, ಬಿಪಿ, ಮೂತ್ರದಲ್ಲಿ ಪ್ರೋಟೀನ್ ಎಲ್ಲಾ ನೋಡಿ ಹೇಳೋ ಮಾತದು.

ಹಂತ 9: ಮೂತ್ರದ ಎಸಿಆರ್, ಮತ್ತೆ ದಿನ ಕಳೆದಂತೆ ನಂಬರ್ ಹೋಗ್ತಿರೋ ದಾರಿ

ಇಷ್ಟೆಲ್ಲ ಮಾಡಿಯೂ ಮೂತ್ರ ಪರೀಕ್ಷೆ ಬಿಟ್ರೆ ಅರ್ಧ ಕೆಲಸ. ಬೆಳಗ್ಗೆಯ ಮೊದಲ ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ, ಅಂದ್ರೆ ಎಸಿಆರ್ ಮಾಡಿಸಿ, ಆಲ್ಬುಮಿನ್ ಅನ್ನೋ ಪ್ರೋಟೀನ್ ಎಷ್ಟು ಸೋರ್ತಿದೆ ಅಂತ ಅದು ಹೇಳತ್ತೆ. ಅದರ ಹಂತಗಳು, ಎಂಜಿ/ಗ್ರಾಂ ಲೆಕ್ಕದಲ್ಲಿ: 30ಕ್ಕಿಂತ ಕಮ್ಮಿ ಎ1, 30ರಿಂದ 300 ಎ2, ಅದಕ್ಕೂ ಮೇಲೆ ಎ3. ಇಜಿಎಫ್‌ಆರ್‌ಗೆ 90 ಮತ್ತು ಮೇಲೆ ಜಿ1, 60ರಿಂದ 89 ಜಿ2, 45ರಿಂದ 59 ಜಿ3ಎ, 30ರಿಂದ 44 ಜಿ3ಬಿ, 15ರಿಂದ 29 ಜಿ4, 15ಕ್ಕಿಂತ ಕಮ್ಮಿ ಜಿ5. ಕ್ರಿಯಾಟಿನಿನ್‌ನಿಂದ ಜಿ3ಎ ಅನ್ನಿಸ್ಕೊಂಡಿದ್ದ ಅಜ್ಜಿ ಸಿಸ್ಟಾಟಿನ್ ಸೇರಿಸಿದ ಮೇಲೆ ಜಿ3ಬಿ. ಸಕ್ಕರೆ ಕಾಯಿಲೆ ಇರೋರಿಗೆ ಇಜಿಎಫ್‌ಆರ್ 95 ಇದ್ದೂ ಎಸಿಆರ್ 400 ಬಂದ್ರೆ ಅದು ಕಿಡ್ನಿ ಕಾಯಿಲೆನೇ, ಕ್ರಿಯಾಟಿನಿನ್ ಮಾತ್ರ ನೋಡ್ತಾ ಕೂತ್ರೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನ, ಭಾರೀ ವ್ಯಾಯಾಮದ ಮಾರನೇ ದಿನ ಇದನ್ನ ಮಾಡಿಸಬೇಡಿ.

ಒಂದೇ ರಿಪೋರ್ಟಿಂದ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನೋಕಾಗಲ್ಲ, ತೊಂದರೆ ಮೂರು ತಿಂಗಳು ಮೀರಿ ಇರಬೇಕು. ಆದಷ್ಟು ಅದೇ ಲ್ಯಾಬ್, ಅದೇ ವಿಧಾನ. ಫೈಲ್‌ನ ಮೊದಲ ಹಾಳೆಯಲ್ಲಿ ತಾರೀಕು, ಕ್ರಿಯಾಟಿನಿನ್, ತೂಕ, ಎಸಿಆರ್, ಆಗ ಇದ್ದ ಔಷಧಿ ಬರೆದಿಡಿ. ಇಜಿಎಫ್‌ಆರನ್ನ ಹಳೇ ರಿಪೋರ್ಟಿಂದ ನಕಲು ಮಾಡದೆ ಎಲ್ಲಾ ಕ್ರಿಯಾಟಿನಿನ್‌ಗೂ 2021ರ ಫಾರ್ಮುಲಾ ಹಾಕಿ ಹೊಸದಾಗಿ ಬರೆದ್ರೆ ಆಗ ಗೆರೆ ಯಾವ ಕಡೆ ಹೋಗ್ತಿದೆ ಅಂತ ಕಾಣತ್ತೆ. ಶೇಕಡಾ 20ಕ್ಕಿಂತ ಹೆಚ್ಚು ಬದಲಾವಣೆ ಕಂಡ್ರೆ ಅದು ಸಹಜ ಏರಿಳಿತ ಅಲ್ಲ, ಕಾರಣ ಹುಡುಕಬೇಕು.

ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ಇಲ್ಲಾ ಡಾಪಾಗ್ಲಿಫ್ಲೋಜಿನ್ ಶುರು ಮಾಡಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯೋದು ನಿರೀಕ್ಷಿತ, ಫಿಲ್ಟರ್ ಒಳಗಿನ ಒತ್ತಡ ತಗ್ಗಿದ್ದರಿಂದ ಹಾಗಾಗತ್ತೆ, ಮುಂದೆ ಕಿಡ್ನಿ ಉಳಿಸೋದೂ ಅದೇ. ಆ ಇಳಿತ ನೋಡಿ ಮನೇಲೇ ಮಾತ್ರೆ ನಿಲ್ಲಿಸೋದು ನಾನು ಕಂಡ ಹಾಗೆ ತುಂಬಾ ನಷ್ಟ ಮಾಡೋ ಕೆಲಸ. ಬಿಪಿ ಮಾತ್ರೆ ಶುರುವಾದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಜೊತೆ ಪೊಟ್ಯಾಶಿಯಂ ಕೂಡ ಮಾಡಿಸಿ. ಕ್ರಿಯಾಟಿನಿನ್ ಶೇಕಡಾ 30ಕ್ಕಿಂತ ಹೆಚ್ಚು ಏರಿದ್ರೆ, ಪೊಟ್ಯಾಶಿಯಂ ಏರಿದ್ರೆ, ಅಥವಾ ಆ ಮಾತ್ರೆಗಳ ಮೇಲಿರುವಾಗ ವಾಂತಿ ಭೇದಿ ಶುರುವಾಗಿ ಮೂತ್ರ ಕಮ್ಮಿಯಾದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ.